ಬ್ಲ್ಯಾಕ್ ಬೆಲ್ಟ್‌ಗೂ ಸಿಗದ ಕಾಲು ಸೆಕೆಂಡ್

ಕೈಯಳತೆ ದೂರದಲ್ಲಿ ನಿಂತವನ ಮುಷ್ಟಿ ನಿಮ್ಮ ಮುಖ ಮುಟ್ಟಲು ಎಷ್ಟು ಹೊತ್ತು ಬೇಕು? ಪಳಗಿದ ಬಾಕ್ಸರ್‌ನ ಮುಷ್ಟಿ ಸೆಕೆಂಡಿಗೆ 6ರಿಂದ 10 ಮೀಟರ್ ವೇಗಕ್ಕೆ ಏರುತ್ತದೆ. ಅರ್ಧ ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಜನ್ಮದಲ್ಲಿ ಗ್ಲೌಸ್ ಹಾಕದವನ ಹೊಡೆತ ಇದಕ್ಕಿಂತ ನಿಧಾನ ಇರಬಹುದು. ಆದರೆ ತೀರಾ ನಿಧಾನ ಏನಲ್ಲ.

ಈಗ ನಿಮ್ಮ ಕಡೆಯ ಲೆಕ್ಕ ನೋಡೋಣ. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಿ ಅಂದರೆ ಆರೋಗ್ಯವಾಗಿರುವ ಯುವಕರಿಗೂ ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಅದೂ ದೀಪವನ್ನೇ ನೋಡುತ್ತಾ, ಬೆರಳನ್ನು ಗುಂಡಿ ಮೇಲಿಟ್ಟುಕೊಂಡು ಕಾಯುತ್ತಿರುವಾಗ. ನಾಲ್ಕು ದೀಪ, ನಾಲ್ಕು ಗುಂಡಿ ಇಟ್ಟರೆ ಇನ್ನೂ ತಡ. 1952ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ ಇದನ್ನು ಅಳೆದು ತೋರಿಸಿದ. ಆಯ್ಕೆಗಳು ಎರಡು ಪಟ್ಟಾದಾಗಲೆಲ್ಲ ಉತ್ತರ ಕೊಡುವ ಸಮಯ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಹೆಚ್ಚುತ್ತಾ ಹೋಗುತ್ತದೆ. ಜಗಳದಲ್ಲಿ ಆಯ್ಕೆಗಳಿಗೆ ಬರವೇ? ಹೊಡೆತ ಬಲದಿಂದ ಬರಬಹುದು, ಎಡದಿಂದ ಬರಬಹುದು. ತಳ್ಳಬಹುದು, ಕೊರಳಪಟ್ಟಿ ಹಿಡಿಯಬಹುದು. ನೀವು ತಡೆಯಬೇಕಾ, ಬಗ್ಗಬೇಕಾ, ಹಿಂದೆ ಸರಿಯಬೇಕಾ? ಮಿದುಳು ಇಷ್ಟನ್ನೂ ವಿಂಗಡಿಸಿ ಕೈಗೆ ಆಜ್ಞೆ ಕಳಿಸುವಷ್ಟರಲ್ಲಿ ಮೂಗಿನಿಂದ ರಕ್ತ ಬಂದಿರುತ್ತದೆ.

ಅಂದರೆ, ಹೊಡೆತ ನೋಡಿ ತಡೆಯುವುದು ಲೆಕ್ಕದ ಪ್ರಕಾರ ಆಗದ ಕೆಲಸ. ಹಾಗಾದರೆ ಬಾಕ್ಸರ್‌ಗಳು ಸುತ್ತುಗಟ್ಟಲೆ ಹೇಗೆ ತಪ್ಪಿಸಿಕೊಳ್ಳುತ್ತಾರೆ?

ಅವರು ಮುಷ್ಟಿಯನ್ನು ನೋಡುವುದೇ ಇಲ್ಲ. ಮುಷ್ಟಿ ಹೊರಡುವ ಮೊದಲು ಹೆಗಲು ಅಲುಗುತ್ತದೆ. ಅದಕ್ಕೂ ಮೊದಲು ಸೊಂಟ ತಿರುಗುತ್ತದೆ, ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬೀಳುತ್ತದೆ. ಪಳಗಿದ ಕಣ್ಣು ಇದನ್ನೇ ಓದುತ್ತದೆ. ಕ್ರಿಕೆಟ್‌ನಲ್ಲಿ ನಡೆಯುವುದೂ ಇದೇ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್ ಹತ್ತಿರ ಬರಲು ಅರ್ಧ ಸೆಕೆಂಡೂ ಬೇಡ. ಬೌಲರ್ ಕೈಯಿಂದ ಚೆಂಡು ಬಿಡುವ ಮೊದಲೇ ವಿಡಿಯೊ ನಿಲ್ಲಿಸಿ, ಎಂಥ ಚೆಂಡು ಬರುತ್ತದೆ ಹೇಳಿ ಅಂದರೆ ನುರಿತವರು ಸುಮಾರಾಗಿ ಸರಿ ಹೇಳುತ್ತಾರೆ. ಹೊಸಬರು ಊಹೆ ಹೊಡೆಯುತ್ತಾರೆ. ಅವರಿಬ್ಬರ ಕಣ್ಣಿನ ಶಕ್ತಿಯಲ್ಲಿ ವ್ಯತ್ಯಾಸ ಇಲ್ಲ. ಎಲ್ಲಿ ನೋಡಬೇಕು ಅನ್ನುವುದು ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ.

ಈ ಓದು ಹೇಳಿಕೊಟ್ಟು ಬರುವಂಥದ್ದಲ್ಲ. ನಿಮ್ಮನ್ನು ನಿಜವಾಗಿಯೂ ಹೊಡೆಯಲು ನೋಡುವವನ ಎದುರು ಸಾವಿರಾರು ಸಲ ನಿಂತಾಗ ಮಾತ್ರ ಬರುತ್ತದೆ. ಸ್ವರಕ್ಷಣೆ ಕಲಿಸುವ ಬಹಳಷ್ಟು ಕ್ಲಾಸ್‌ಗಳು ಎಡವುವುದು ಇಲ್ಲೇ. ಅಲ್ಲಿ ಜೊತೆಗಾರ ಒಂದು ಹೆಜ್ಜೆ ಮುಂದಿಟ್ಟು ನೇರವಾಗಿ ಒಂದು ಪಂಚ್ ಕೊಡುತ್ತಾನೆ. ಕೊಟ್ಟವನು ಕೈಯನ್ನು ಹಾಗೇ ಚಾಚಿಕೊಂಡು ಗೊಂಬೆಯಂತೆ ನಿಲ್ಲುತ್ತಾನೆ. ನೀವು ಆ ಕೈಯನ್ನು ತಡೆದು, ತಿರುಚಿ, ಪಕ್ಕೆಗೆ ಎರಡು ಬಾರಿಸಿ, ಕೆಳಗೆ ಕೆಡವುವ ತನಕ ಅವನ ಇನ್ನೊಂದು ಕೈ ಸುಮ್ನೆ ನೇತಾಡುತ್ತಿರುತ್ತದೆ. ನಿಜವಾದ ಜಗಳದಲ್ಲಿ ಮೊದಲ ಕೈ ಆಗಲೇ ವಾಪಸ್ ಹೋಗಿರುತ್ತದೆ, ಎರಡನೆಯದು ದಾರಿಯಲ್ಲಿರುತ್ತದೆ.

ಮಣಿಕಟ್ಟು ಬಿಡಿಸಿಕೊಳ್ಳುವ ಪಾಠವನ್ನೇ ತೆಗೆದುಕೊಳ್ಳಿ. ಅದರ ಹಿಂದಿನ ವಿಜ್ಞಾನ ಸರಿಯಾಗಿಯೇ ಇದೆ. ಹಿಡಿತದಲ್ಲಿ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಒಂಟಿ. ಕೈಯನ್ನು ಹೆಬ್ಬೆರಳಿನ ಕಡೆಗೆ ತಿರುಗಿಸಿ ಎಳೆದರೆ ಹಿಡಿತ ಬಿಚ್ಚಿಕೊಳ್ಳುತ್ತದೆ. ಕ್ಲಾಸ್‌ನಲ್ಲಿ ಮಾಡಿದಾಗ ಮಂತ್ರದಂತೆ ಕೆಲಸ ಮಾಡುತ್ತದೆ. ಆದರೆ ಹೊರಗೆ ನಿಮ್ಮ ಕೈ ಹಿಡಿದವನಿಗೆ ಬೇಕಾಗಿರುವುದು ನಿಮ್ಮ ಕೈಯಲ್ಲ. ಅವನು ಎಳೆಯುತ್ತಾನೆ, ಗೋಡೆಗೆ ನೂಕುತ್ತಾನೆ, ಇನ್ನೊಂದು ಕೈಯಲ್ಲಿ ಕೂದಲು ಹಿಡಿಯುತ್ತಾನೆ. ಪಟ್ಟು ಸುಳ್ಳಲ್ಲ, ಅಭ್ಯಾಸ ಮಾಡಿದ ಸನ್ನಿವೇಶ ಸುಳ್ಳು.

ಇದನ್ನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡವರಲ್ಲಿ ಜಪಾನಿನ ಜಿಗೊರೊ ಕಾನೊ ಒಬ್ಬ. 1882ರಲ್ಲಿ ಟೋಕಿಯೋದ ಒಂದು ಸಣ್ಣ ದೇವಾಲಯದಲ್ಲಿ ಜೂಡೋ ಶುರು ಮಾಡಿದಾಗ ಅವನಿಗಿನ್ನೂ 21 ವರ್ಷ. ಜಪಾನಿನ ಹಳೆಯ ಬರಿಗೈ ಕಾಳಗದ ವಿದ್ಯೆ ಜುಜುತ್ಸುವಿನಲ್ಲಿ ಕಣ್ಣಿಗೆ ಚುಚ್ಚುವ, ಬೆರಳು ಮುರಿಯುವ ಭಯಂಕರ ವರಸೆಗಳು ಬೇಕಾದಷ್ಟಿದ್ದವು. ಭಯಂಕರ ಆಗಿದ್ದರಿಂದಲೇ ಅವನ್ನು ಪೂರ್ತಿ ಬಲ ಹಾಕಿ ಅಭ್ಯಾಸ ಮಾಡುವಂತಿರಲಿಲ್ಲ. ದಿನಾ ಶಿಷ್ಯರ ಕಣ್ಣು ಕಿತ್ತರೆ ಶಾಲೆ ನಡೆಯುತ್ತದಾ? ಕಾನೊ ಅಂಥವನ್ನೆಲ್ಲ ನಿಗದಿತ ಹೆಜ್ಜೆಗಳ ಕಟಾಗೆ ಸೇರಿಸಿ, ಪೂರ್ತಿ ಬಲದಿಂದ ಮಾಡಿದರೂ ಜೊತೆಗಾರ ನಾಳೆ ಮತ್ತೆ ಬರಬಹುದಾದ ಪಟ್ಟುಗಳನ್ನು ಮಾತ್ರ ರಂದೋರಿಗೆ ಉಳಿಸಿಕೊಂಡ. ರಂದೋರಿ ಅಂದರೆ ಇಬ್ಬರೂ ಗೆಲ್ಲಲು ನೋಡುವ, ಯಾರೂ ಯಾರಿಗೂ ಬಿಟ್ಟುಕೊಡದ ಮುಕ್ತ ಅಭ್ಯಾಸ.

ನೋಡಿದವರಿಗೆ ಇದು ಹಲ್ಲು ಕಿತ್ತ ವಿದ್ಯೆ ಅನ್ನಿಸಬೇಕು, ಅಲ್ವಾ? ಆದರೆ 1880ರ ದಶಕದಲ್ಲಿ ಟೋಕಿಯೋ ಪೊಲೀಸರ ಪಂದ್ಯಗಳಲ್ಲಿ ಕಾನೊ ಶಿಷ್ಯರು ಹಳೆಯ ಶಾಲೆಗಳವರನ್ನು ಸೋಲಿಸಿ ಹೆಸರು ಮಾಡಿದರು. ದಿನಾ ಪೂರ್ತಿ ಬಲದಿಂದ ಮಾಡುವ ಸಾಧಾರಣ ಪಟ್ಟು, ಯಾವತ್ತೂ ಪೂರ್ತಿ ಮಾಡದ ಭಯಂಕರ ಪಟ್ಟಿಗಿಂತ ಮೇಲು. ಅವನ ಶಿಷ್ಯಪರಂಪರೆಯ ಮಿತ್ಸುಯೊ ಮಯೇದ ಈ ವಿದ್ಯೆಯನ್ನು ಬ್ರೆಜಿಲ್‌ಗೆ ಒಯ್ದ. ಅದು ಅಲ್ಲಿ ಗ್ರೇಸಿ ಮನೆತನದ ಕೈಗೆ ಸಿಕ್ಕಿತು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಹೊಡೆದಾಟದ ವಿದ್ಯೆಯವರನ್ನು ಎದುರುಬದುರು ನಿಲ್ಲಿಸುವ ಯುಎಫ್‌ಸಿ ಮೊದಲ ಸಲ ನಡೆದಾಗ, ತೂಕಕ್ಕೆ ಕಟ್ಟುಪಾಡಿಲ್ಲದ ಆ ಪಂದ್ಯದಲ್ಲಿ ಸಪೂರ ಮೈಕಟ್ಟಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕು ಅನ್ನುವುದು ಎದುರಾಳಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಕರಾಟೆ ದೊಡ್ಡದೋ ಬಾಕ್ಸಿಂಗ್ ದೊಡ್ಡದೋ ಎಂಬ ವಾದ ನನಗೆ ಅಷ್ಟೇನೂ ರುಚಿಸುವುದಿಲ್ಲ. ಕುಸ್ತಿ, ಜೂಡೋ, ಬಾಕ್ಸಿಂಗ್, ಥಾಯ್ ಬಾಕ್ಸಿಂಗ್‌ಗಳಲ್ಲಿ ಎದುರಾಳಿ ಒಪ್ಪದೇ ಇರುವುದು ಅಭ್ಯಾಸದ ಭಾಗ. ಕರಾಟೆಯಲ್ಲೂ ಗಟ್ಟಿಯಾಗಿ ಹೊಡೆದಾಡುವ ಶಾಖೆಗಳಿವೆ. ಬೀದಿ ಜಗಳಕ್ಕೆಂದೇ ಮಾಡಿದ್ದು ಎಂದು ಹೇಳಿಕೊಳ್ಳುವ ಕೆಲವು ಕ್ಲಾಸ್‌ಗಳಲ್ಲಿ ಒಬ್ಬರನ್ನೊಬ್ಬರು ಮುಟ್ಟುವುದೂ ಅಪರೂಪ.

ಆದರೆ ಪಂದ್ಯವೂ ಬೀದಿಯಲ್ಲ. ಪಂದ್ಯದಲ್ಲಿ ಎದುರಾಳಿ ಒಬ್ಬನೇ, ಅವನ ಕೈ ಖಾಲಿ, ಶುರುವಾಗುವ ಸಮಯ ಗೊತ್ತು, ಕಾಲ ಕೆಳಗೆ ಮೆತ್ತನೆಯ ಮ್ಯಾಟ್, ಪಕ್ಕದಲ್ಲಿ ರೆಫರಿ. ಇವೆಲ್ಲ ಇಲ್ಲದಾಗ ಮೈಯೊಳಗೆ ಬೇರೆಯೇ ಒಂದು ನಾಟಕ ಶುರುವಾಗುತ್ತದೆ. ಕಾದಾಡು ಇಲ್ಲವೇ ಓಡು ಎಂದು ಮೈ ಸಜ್ಜಾಗುವುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೂರು ವರ್ಷದ ಹಿಂದೆಯೇ ವಿವರಿಸಿದ್ದ. ಅಡ್ರಿನಲಿನ್ ಸುರಿಯುತ್ತದೆ, ಎದೆ ಬಡಿತ ಏರುತ್ತದೆ, ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಓಡಲು, ತಳ್ಳಲು ಇದು ವರ. ಬೆರಳಿನ ನಾಜೂಕು ಕೆಲಸಕ್ಕೆ ಶಾಪ. ಕೈ ನಡುಗುತ್ತದೆ. ನೋಟ ಒಂದೇ ಕಡೆ ಅಂಟಿಕೊಳ್ಳುತ್ತದೆ. ಪಕ್ಕದವರು ಕೂಗಿದ್ದು ಕೇಳಿಸದೇ ಹೋಗಬಹುದು. ಕೆಲವರ ಮೈ ಓಡುವುದೂ ಇಲ್ಲ, ಕಾದಾಡುವುದೂ ಇಲ್ಲ, ಮರಗಟ್ಟಿ ನಿಲ್ಲುತ್ತದೆ. ಅದು ಹೇಡಿತನ ಅಲ್ಲ. ಪ್ರಾಣಿಗಳಲ್ಲೂ ಇರುವ ಹಳೆಯ ಪ್ರತಿಕ್ರಿಯೆ.

ನೆನಪೂ ಕೈಕೊಡುತ್ತದೆ. ಅಮೆರಿಕದ ಸೈನ್ಯದಲ್ಲಿ ಶತ್ರುವಿಗೆ ಸೆರೆ ಸಿಕ್ಕರೆ ಹೇಗೆ ಬದುಕಬೇಕು ಎಂದು ಕಲಿಸುವ ತರಬೇತಿ ಇದೆ. ಅಲ್ಲಿ ಅಣಕು ವಿಚಾರಣೆ ಎದುರಿಸಿದ 500ಕ್ಕೂ ಹೆಚ್ಚು ಸೈನಿಕರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಗೂ ಹೆಚ್ಚು ಹೊತ್ತು ಎದುರಿಗೇ ಕೂತಿದ್ದ ಅಧಿಕಾರಿಯನ್ನು ಮರುದಿನ ಗುರುತಿಸಿ ಅಂದಾಗ, ಕಠಿಣ ವಿಚಾರಣೆ ಎದುರಿಸಿದವರು ಸೌಮ್ಯ ವಿಚಾರಣೆ ಎದುರಿಸಿದವರಿಗಿಂತ ಬಹಳ ಹೆಚ್ಚು ತಪ್ಪು ಮಾಡಿದರು. ಹೆದರಿದ ಮಿದುಳಿಗೆ ಮುಖವೇ ನೆನಪಿರದ ಮೇಲೆ, ಎಂಟು ಹೆಜ್ಜೆಗಳ ಕೈ ತಿರುಚುವ ವರಸೆ ನೆನಪಾಗುತ್ತದಾ? ಒತ್ತಡದಲ್ಲಿ ಉಳಿಯುವುದು ಸಾವಿರ ಸಲ ಮಾಡಿದ ಸರಳ ಚಲನೆಗಳು ಮಾತ್ರ. ಸ್ಪಾರಿಂಗ್‌ನಿಂದ, ಅಂದರೆ ಜೊತೆಗಾರನೊಡನೆ ಹೊಡೆದಾಡುವ ಅಭ್ಯಾಸದಿಂದ, ಆಗುವ ದೊಡ್ಡ ಲಾಭ ಪಂಚ್ ಹೊಡೆಯುವುದಲ್ಲ. ಮುಖಕ್ಕೆ ಒಂದು ಬಿದ್ದರೂ ಉಸಿರು ಬಿಟ್ಟುಕೊಂಡು ಕಣ್ಣು ತೆರೆದು ನಿಲ್ಲುವುದು ಅಭ್ಯಾಸವಾಗುತ್ತದೆ.

ಮುಷ್ಟಿಯ ಬಗ್ಗೆಯೂ ಒಂದು ಮಾತು. ಮುಷ್ಟಿ ಬಿಗಿದು ಕಿರುಬೆರಳಿನ ಗೆಣ್ಣಿನ ಹಿಂದೆ ಮುಟ್ಟಿ ನೋಡಿ. ಚರ್ಮದ ಕೆಳಗೇ ಒಂದು ತೆಳ್ಳನೆ ಎಲುಬು ಸಿಗುತ್ತದೆ. ಕೋಪದಲ್ಲಿ ಬೀಸಿದ ಹೊಡೆತ ಹಣೆಗೋ ದವಡೆಗೋ ತಾಗಿದಾಗ ಮುರಿಯುವುದು ಇದೇ. ವೈದ್ಯರು ಇದನ್ನು ಬಾಕ್ಸರ್ ಮುರಿತ ಅನ್ನುತ್ತಾರೆ. ತಮಾಷೆ ಅಂದರೆ, ನುರಿತ ಬಾಕ್ಸರ್‌ಗಳಿಗಿಂತ ಹೊಡೆಯಲು ಬಾರದವರಿಗೇ ಇದು ಜಾಸ್ತಿ ಆಗುತ್ತದೆ. ಗ್ಲೌಸ್, ಅದರೊಳಗಿನ ಪಟ್ಟಿ ಮೊದಲು ಕಾಪಾಡುವುದು ಹೊಡೆಯುವವನ ಕೈಯನ್ನು. ಹೊಡೆಸಿಕೊಳ್ಳುವವನ ಮಿದುಳು ತಲೆಬುರುಡೆಯೊಳಗೆ ಅಲುಗುವುದು ಅದರಿಂದ ನಿಲ್ಲುವುದಿಲ್ಲ.

ಎದುರಿನವನ ಕೈಯಲ್ಲಿ ಚಾಕು ಇದ್ದರೆ ಇಷ್ಟೂ ಲೆಕ್ಕ ತಲೆಕೆಳಗು. ಇದನ್ನು ಬಾಯಿಮಾತಲ್ಲಿ ನಂಬಬೇಕಿಲ್ಲ. ಹಳೆಯ ಬಿಳಿ ಟೀ ಶರ್ಟ್ ಹಾಕಿ, ಕಣ್ಣಿಗೆ ಕನ್ನಡಕ ಏರಿಸಿ, ಗೆಳೆಯನ ಕೈಗೆ ದಪ್ಪ ತುದಿಯ ಕೆಂಪು ಸ್ಕೆಚ್ ಪೆನ್ ಕೊಡಿ. ಅರ್ಧ ನಿಮಿಷ ಮನಸ್ಸಿಗೆ ಬಂದಂತೆ ಚುಚ್ಚು, ಗೀರು ಅನ್ನಿ. ಅವನು ಸಿನಿಮಾದವರ ಹಾಗೆ ತಲೆ ಮೇಲಿಂದ ಒಂದೇ ಸಲ ಇಳಿಸುವುದಿಲ್ಲ. ಎಡಗೈಯಲ್ಲಿ ನಿಮ್ಮ ತೋಳು ಹಿಡಿದುಕೊಂಡು ಬಲಗೈಯನ್ನು ಹೊಲಿಗೆ ಯಂತ್ರದಂತೆ ಹಿಂದೆ ಮುಂದೆ ಆಡಿಸುತ್ತಾನೆ. ಆಮೇಲೆ ಮುಂಗೈ, ಹೊಟ್ಟೆ, ಕತ್ತಿನ ಮೇಲಿನ ಗೆರೆಗಳನ್ನು ಎಣಿಸಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೆಕ್ಕವೂ ನೆನಪಿರಲಿ: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತಾನೆ. ಅಷ್ಟರಲ್ಲಿ ಸೊಂಟದ ಪಿಸ್ತೂಲು ತೆಗೆಯಲು ಪೊಲೀಸರೇ ಪರದಾಡುತ್ತಾರೆ. ಬರಿಗೈಯವನು ಪರ್ಸ್ ಎಸೆದು ಓಡುವುದೇ ಒಳ್ಳೆಯದು. ಚಾಕು ಕಿತ್ತುಕೊಳ್ಳುವ ಹತ್ತು ವಿಧಾನ ಕಲಿಸುತ್ತೇವೆ ಅನ್ನುವವರ ಹತ್ತಿರ ಮೊದಲು ಈ ಸ್ಕೆಚ್ ಪೆನ್ ಪರೀಕ್ಷೆ ಮಾಡಿಸಿ.

ಸಮಯ ಇಷ್ಟು ಕಡಿಮೆ ಅಂದ ಮೇಲೆ, ಅದನ್ನು ಎಲ್ಲಿಂದ ತರುವುದು? ಹೊಡೆತದ ಹಿಂದಿನಿಂದ. ಬಾಕ್ಸರ್ ಹೆಗಲು ಓದುವಂತೆ, ಜಗಳಕ್ಕೂ ಮೊದಲಿನ ಹೆಜ್ಜೆಗಳನ್ನು ಓದಬೇಕು. ಮಾತಾಡುತ್ತಾ ಮಾತಾಡುತ್ತಾ ಹತ್ತಿರ ಬರುವುದು, ಬೇಡ ಅಂದರೂ ಬಿಡದಿರುವುದು, ಕುಡಿಯಲು ಒತ್ತಾಯಿಸುವುದು, ಜನರಿಂದ ದೂರ ಕರೆದೊಯ್ಯುವುದು. ಇದರ ಬಗ್ಗೆ ಇರುವ ಒಂದು ಗಟ್ಟಿ ಪುರಾವೆ ಕೆನಡಾದ್ದು. ಅಲ್ಲಿನ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲೈಂಗಿಕ ದೌರ್ಜನ್ಯ ಎದುರಿಸುವ 12 ಗಂಟೆಗಳ ತರಬೇತಿ, ಇನ್ನೊಂದಕ್ಕೆ ಬರೀ ಕರಪತ್ರ. 2015ರಲ್ಲಿ ಷಾರ್ಲೀನ್ ಸೆನ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇ 9.8, ತರಬೇತಿಯ ಗುಂಪಿನಲ್ಲಿ ಶೇ 5.2. ಅತ್ಯಾಚಾರದ ಪ್ರಯತ್ನಗಳು ಇನ್ನೂ ಹೆಚ್ಚು ಇಳಿದಿದ್ದವು.

12 ಗಂಟೆಯಲ್ಲಿ ಯಾರೂ ಬ್ಲ್ಯಾಕ್ ಬೆಲ್ಟ್ ಆಗುವುದಿಲ್ಲ. ಹೊಡೆಯುವ, ಬಿಡಿಸಿಕೊಳ್ಳುವ ಪಾಠ ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಅಪಾಯವನ್ನು ಬೇಗ ಗುರುತಿಸುವುದು, ಪರಿಚಯದವನೇ ಅಪಾಯ ಆಗಿರಬಹುದು ಎಂದು ಒಪ್ಪಿಕೊಳ್ಳುವುದು, ಎದುರಿನವನಿಗೆ ಬೇಜಾರಾದರೂ ಪರವಾಗಿಲ್ಲ ಎಂದು ಗಟ್ಟಿಯಾಗಿ ಬೇಡ ಅನ್ನುವುದು. ಕ್ಲಾಸ್‌ಗಳಲ್ಲಿ ಮುಖವಾಡ ಹಾಕಿದ ಅಪರಿಚಿತ ಕತ್ತಲಲ್ಲಿ ಹಿಂದಿನಿಂದ ಬರುತ್ತಾನೆ. ಆದರೆ ಮಹಿಳೆಯರ ಮೇಲಿನ ದೌರ್ಜನ್ಯದಲ್ಲಿ ಹೆಚ್ಚಿನ ಸಲ ಕೈ ಮಾಡುವವನು ಗೊತ್ತಿರುವವನು. ಅವನ ಕಣ್ಣಿಗೆ ಚುಚ್ಚಲು ಕಲಿತ ಕೈಗಿಂತ, ಇವನು ಮಾಡುತ್ತಿರುವುದು ಸರಿಯಿಲ್ಲ ಎಂದು ಬೇಗ ಒಪ್ಪಿಕೊಂಡ ಮನಸ್ಸು ಮುಂಚೆ ಎದ್ದು ಹೊರಡುತ್ತದೆ. ತಪ್ಪು ಮಾಡಿದವನದ್ದೇ ತಪ್ಪು, ತರಬೇತಿ ಇರಲಿ ಇಲ್ಲದಿರಲಿ. ಇದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಓದಿದ ಮೇಲೂ ಕ್ಲಾಸ್‌ಗೆ ಸೇರುವ ಮನಸ್ಸಿದ್ದರೆ ಖಂಡಿತ ಸೇರಿ. ಮೈ ಗಟ್ಟಿಯಾಗುತ್ತದೆ, ಓಡಲು ದಮ್ಮು ಬರುತ್ತದೆ, ಮುಖ್ಯವಾಗಿ ಬೀಳಲು ಕಲಿಯುತ್ತೀರಿ. ಜೂಡೋದವರು ಮೊದಲು ಕಲಿಸುವುದು ಇದನ್ನೇ. ಗಲ್ಲ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಉರುಳಿ, ಪೆಟ್ಟನ್ನು ದೊಡ್ಡ ಜಾಗಕ್ಕೆ ಹಂಚುವುದು. ಬೀದಿ ಜಗಳಗಳಲ್ಲಿ ಒಂದೇ ಹೊಡೆತಕ್ಕೆ ಸತ್ತವರಲ್ಲಿ ಎಷ್ಟೋ ಮಂದಿಯ ಪ್ರಾಣ ತೆಗೆದದ್ದು ಮುಷ್ಟಿಯಲ್ಲ, ತಲೆ ಬಡಿದ ಗಟ್ಟಿ ನೆಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ನಿಮ್ಮ ಮೇಲೆ ಯಾರೂ ಕೈ ಮಾಡದೇ ಇರಬಹುದು, ಆದರೆ ಒಮ್ಮೆಯಾದರೂ ಜಾರಿ ಬೀಳುತ್ತೀರಿ.

ಫೀಸು ಕಟ್ಟುವ ಮುಂಚೆ ಒಂದು ಸಂಜೆ ಮೂಲೆಯಲ್ಲಿ ಕೂತು ನೋಡಿ. ಜೊತೆಗಾರ ಬಿಟ್ಟುಕೊಡುತ್ತಾನಾ, ಬಿಡಿಸಿಕೊಳ್ಳಲು ನೋಡುತ್ತಾನಾ? ಹಿರಿಯ ಶಿಷ್ಯರ ಪಟ್ಟು ಯಾವಾಗಲಾದರೂ ಕೈಕೊಡುತ್ತದಾ? ಕೈಕೊಟ್ಟಾಗ ಮಾಸ್ತರು ಸಿಡುಕುತ್ತಾರಾ, ನಗುತ್ತಾ ಇನ್ನೊಮ್ಮೆ ಅನ್ನುತ್ತಾರಾ? ತಲೆಗೆ ದಿನಾ ಜೋರಾಗಿ ಹೊಡೆಸುವ ಜಾಗವಾದರೆ ಅಲ್ಲಿಂದಲೂ ಎದ್ದು ಬನ್ನಿ. ಎಂದೋ ಬರಬಹುದಾದ ಜಗಳಕ್ಕೆ ಹೆದರಿ, ವಾರಕ್ಕೆ ಮೂರು ದಿನ ಮಿದುಳಿಗೆ ಪೆಟ್ಟು ತಿನ್ನುವುದರಲ್ಲಿ ಅರ್ಥ ಇಲ್ಲ. ಪಟ್ಟು ಹಿಡಿದು ಸೆಣಸುವುದು ಪೂರ್ತಿ ಬಲದಿಂದ ಇರಲಿ, ತಲೆಗೆ ಹೊಡೆಯುವುದು ಹಗುರವಾಗಿರಲಿ. ಮೌತ್‌ಗಾರ್ಡ್ ಮೊದಲ ವಾರವೇ ಕೊಂಡುಕೊಳ್ಳಿ. ಅದು ಉಳಿಸುವುದು ಹಲ್ಲನ್ನು. ಪೆಟ್ಟು ಬಿದ್ದ ಮೇಲೆ ತಲೆಸುತ್ತು, ವಾಂತಿ, ಮಂಕು ಕಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.