ಬೆಂಡು, ತೊಗಲು, ಥರ್ಮೋಕೋಲ್: ಸೈಕಲ್ ಸವಾರರ ತಲೆಯ ಮೇಲಿನ ಕಥೆ

ಆಷಾಢ ಬಂತೆಂದರೆ ಶಿವಮೊಗ್ಗದ ಮನೆಗಳಲ್ಲಿ ಚರ್ಮದ ಸಾಮಾನಿಗೆ ಕಷ್ಟಕಾಲ. ಬೆಲ್ಟಿನ ಮೇಲೆ ಬೂಷ್ಟು, ಚಪ್ಪಲಿಯ ಮೇಲೆ ಬೂಷ್ಟು. ಈ ವರ್ಷ ನಮ್ಮ ಮನೆಯಲ್ಲಿ ಇನ್ನೊಂದು ಸಾಮಾನೂ ಸೇರಿಕೊಂಡಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಚರ್ಮದ ಸೈಕಲ್ ಹೆಲ್ಮೆಟ್. ಬೆಳಿಗ್ಗೆ ನೋಡಿದರೆ ಅದರ ಪಟ್ಟಿಗಳ ಮೇಲೆಲ್ಲ ಹಸಿರು-ಬಿಳಿ ಪುಡಿ ಹರಡಿತ್ತು. ಎದೆ ಧಸಕ್ಕೆಂದಿತು.

ಅದನ್ನು ಗೆಳೆಯನೊಬ್ಬ ಬೆಲ್ಜಿಯಂನ ಹಳೆ ಸಾಮಾನಿನ ಸಂತೆಯಿಂದ ತಂದುಕೊಟ್ಟಿದ್ದ. ಮೊದಲ ಸಲ ನೋಡಿದಾಗ ಅಮ್ಮ, "ಇದೆಂತ ಮಾರಾಯ, ಎತ್ತಿನ ಬಾಯಿಗೆ ಕಟ್ಟೋ ಕುಕ್ಕೆ ಇದ್ದ ಹಾಗೆ ಇದೆ" ಅಂದಿದ್ದರು. ನಿಜಕ್ಕೂ ಹಾಗೇ ಇದೆ. ಹಣೆಯ ಸುತ್ತ ಒಂದು ದಪ್ಪ ಪಟ್ಟಿ. ಅಲ್ಲಿಂದ ಹಿಂದಕ್ಕೆ ಬೆರಳು ಗಾತ್ರದ ನಾಲ್ಕೈದು ಪಟ್ಟಿಗಳು, ಒಳಗೆ ಮೆತ್ತೆ ತುಂಬಿ ಹೊಲಿದವು. ಕಿವಿಯ ಪಕ್ಕದಿಂದ ಇಳಿಯುವ ಬಾರು, ಗದ್ದದ ಕೆಳಗೆ ಪುಟ್ಟ ಬಕಲ್. ಪಟ್ಟಿಗಳ ನಡುವೆ ಕೂದಲು ಕಾಣುತ್ತದೆ. ಅದಕ್ಕೇ ಇಂಗ್ಲಿಷಿನವರು ಇದನ್ನು 'ಹೇರ್‌ನೆಟ್' ಎಂದು ಕರೆದರು, ಕೂದಲಿಗೆ ಹಾಕುವ ಬಲೆ ಅಂತ. ನನಗೆ ಮಾತ್ರ ಸಿಂಬೆಯ ನೆನಪಾಗುತ್ತದೆ. ಕೊಡ ಹೊರುವಾಗ ಬಟ್ಟೆ ಸುತ್ತಿ ತಲೆ ಮೇಲೆ ಇಟ್ಟುಕೊಳ್ಳುತ್ತಾರಲ್ಲ, ಆ ಸಿಂಬೆಯನ್ನು ಬಿಚ್ಚಿ ಸಾಲಾಗಿ ಹೊಲಿದ ಹಾಗಿದೆ.

ಅದೇ ಗೋಡೆಯ ಇನ್ನೊಂದು ಮೊಳೆಯಲ್ಲಿ ನನ್ನ ಒಡೆದ ಥರ್ಮೋಕೋಲ್ ಹೆಲ್ಮೆಟ್ ಇದೆ. ಎರಡು ವರ್ಷದ ಹಿಂದೆ ಆಗುಂಬೆ ಘಾಟಿ ಇಳಿಯುವಾಗ ತಿರುವಿನಲ್ಲಿ ಒದ್ದೆ ಎಲೆಯ ಮೇಲೆ ಮುಂದಿನ ಚಕ್ರ ಜಾರಿತು. ತಲೆಯ ಎಡಭಾಗ ಡಾಂಬರಿಗೆ ಬಡಿಯಿತು. ಹೆಲ್ಮೆಟ್ ಎರಡು ಕಡೆ ಸೀಳಿತು, ಒಳಗಿನ ಥರ್ಮೋಕೋಲ್ ಒಂದು ಕಡೆ ಅಪ್ಪಚ್ಚಿಯಾಗಿತ್ತು. ನಾನು ಎದ್ದು ನಿಂತೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಈ ಎರಡನ್ನೂ ದಿನಾ ನೋಡುತ್ತಿದ್ದರೆ ಒಂದು ಪ್ರಶ್ನೆ ಕಾಡುತ್ತದೆ. ಜಗತ್ತಿನ ಅತಿ ವೇಗದ ಸವಾರರು ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಈ ತೊಗಲಿನ ಪಟ್ಟಿಗಳನ್ನೇ ನಂಬಿದ್ದರಲ್ಲ, ಯಾಕೆ?

ಮೊದಲಿಗೆ ಬಂದದ್ದು ಚರ್ಮ ಅಲ್ಲ, ಬೆಂಡು. 1870-80ರ ದಶಕದಲ್ಲಿ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟಾಣಿ ಎಂಬಂಥ ಸೈಕಲ್ ಇತ್ತಲ್ಲ, ಅದರ ಮೇಲಿಂದ ಬೀಳುವುದೆಂದರೆ ತಲೆಕೆಳಗಾಗಿಯೇ ಬೀಳುವುದು. ಚಕ್ರಕ್ಕೆ ಕಲ್ಲು ಅಡ್ಡ ಬಂದರೆ ಸವಾರ ಹ್ಯಾಂಡಲ್ ದಾಟಿ ನೇರ ಮುಂದಕ್ಕೆ. ಆಗ ಕೆಲವು ಸೈಕಲ್ ಕ್ಲಬ್ಬಿನವರು ಬೆಂಡಿನ ಟೋಪಿ ಹಾಕಿಕೊಳ್ಳುತ್ತಿದ್ದರು. ನಮ್ಮಲ್ಲಿ ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗೆ ಹಾಕುತ್ತಿದ್ದ ಟೋಪಿಯ ಜಾತಿಯದೇ. ಬೆಂಡು ಪೆಟ್ಟು ಬಿದ್ದರೆ ಪುಡಿಯಾಗುತ್ತದೆ. ಹಾಗೆ ಪುಡಿಯಾಗುತ್ತಲೇ ಪೆಟ್ಟಿನ ಜೋರನ್ನು ತಾನು ತಿನ್ನುತ್ತದೆ.

ಮಲೆನಾಡಿನವರಿಗೆ ಬೆಂಡು ಗೊತ್ತಿರುವ ವಸ್ತುವೇ. ಸಾಗರ, ಸೊರಬದ ಗುಡಿಗಾರರು ಮದುವೆಯ ಬಾಸಿಂಗ ಮಾಡುವುದು ಬೆಂಡಿನಿಂದಲೇ. ಬೆರಳಲ್ಲಿ ಒತ್ತಿದರೆ ಕುಗ್ಗುತ್ತದೆ, ಹಿಡಿದರೆ ಭಾರವೇ ಇಲ್ಲ. ಥರ್ಮೋಕೋಲ್ ಬಂದಾಗ ನಮ್ಮ ಕಡೆ ಅದನ್ನೂ ಕೆಲವರು ಬೆಂಡು ಅಂತಲೇ ಕರೆದರು. ಅವರ ಕೈಗೆ ಎರಡೂ ಒಂದೇ ಜಾತಿ ಅನ್ನಿಸಿತ್ತು. ಹೆಲ್ಮೆಟ್ಟಿನ ವಿಷಯದಲ್ಲಿ ಅದು ಅಕ್ಷರಶಃ ಸರಿ.

ಹಾಗಾದರೆ ಬೆಂಡು ಯಾಕೆ ಹೋಯಿತು? ಸೈಕಲ್ ಬದಲಾಯಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಸೈಕಲ್ ತಂದ. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಗಾತ್ರ, ಹಿಂದಿನ ಚಕ್ರಕ್ಕೆ ಚೈನು. ಕಾಲು ಚಾಚಿದರೆ ನೆಲ ಸಿಗುತ್ತಿತ್ತು. 1888ರಲ್ಲಿ ಡನ್‌ಲಪ್‌ನ ಗಾಳಿ ತುಂಬಿದ ಟಯರ್ ಬಂತು. ಬೀಳುವ ಭಯ ಕಮ್ಮಿಯಾಯಿತು, ಬೆಂಡಿನ ಟೋಪಿಯೂ ಮರೆಯಾಯಿತು.

ಭಯ ಮತ್ತೆ ಬಂದದ್ದು ರೇಸಿನ ಟ್ರ್ಯಾಕಿನಲ್ಲಿ. 1900ರ ಸುಮಾರಿಗೆ ಮೋಟಾರ್ ಸೈಕಲ್ಲಿನ ಹಿಂದೆ ಅಂಟಿಕೊಂಡು ಸೈಕಲ್ ಓಡಿಸುವ ಪಂದ್ಯಗಳಿಗೆ ಜನ ಮುಗಿಬೀಳುತ್ತಿದ್ದರು. ಮುಂದಿನ ಮೋಟಾರು ಗಾಳಿಯನ್ನು ಸೀಳಿಕೊಡುವುದರಿಂದ ವೇಗ ಭಯಂಕರ. ಸಾವುಗಳೂ ಅಷ್ಟೇ. 1903ರಲ್ಲಿ ಅಮೆರಿಕದ ಬೋಸ್ಟನ್ ಹತ್ತಿರ ಹ್ಯಾರಿ ಎಲ್ಕ್ಸ್ ಎಂಬ ಹೆಸರಾಂತ ಸವಾರ ಇಂಥದ್ದೇ ಪಂದ್ಯದಲ್ಲಿ ಬಿದ್ದು ಸತ್ತ. ಚರ್ಮದ ಟೋಪಿ, ಆಮೇಲೆ ಚರ್ಮದ ಪಟ್ಟಿಯ ಹೆಲ್ಮೆಟ್ ಬೇರೂರಿದ್ದು ಈ ಟ್ರ್ಯಾಕ್‌ಗಳಲ್ಲಿ.

ಆ ಸವಾರರು ದಡ್ಡರಾಗಿರಲಿಲ್ಲ. ಮರದ ಹಲಗೆಯ ಟ್ರ್ಯಾಕಿನಲ್ಲಿ ಬಿದ್ದವನು ಬಿದ್ದಲ್ಲೇ ನಿಲ್ಲುವುದಿಲ್ಲ, ಉದ್ದಕ್ಕೆ ಜಾರುತ್ತಾನೆ. ಹಲಗೆಯ ಸಿಬಿರು ಚುಚ್ಚುತ್ತದೆ. ಕಿವಿ ಹರಿಯುತ್ತದೆ, ನೆತ್ತಿ ಸುಲಿಯುತ್ತದೆ. ಅಂಥ ತರಚಲಿಗೆ ಚರ್ಮಕ್ಕಿಂತ ಒಳ್ಳೆಯ ಕಾಪು ಆಗ ಇರಲಿಲ್ಲ. ಜೊತೆಗೆ ಪಟ್ಟಿಗಳ ಸಂದಿಯಿಂದ ಗಾಳಿ ಆಡುತ್ತದೆ, ತೂಕ ಇಲ್ಲ, ಮಡಚಿ ಜೇಬಿಗೆ ತುರುಕಬಹುದು. ಬೆವರು, ಬಿಸಿಲಲ್ಲಿ ಹಾಕುತ್ತಾ ಹಾಕುತ್ತಾ ಆಯಾ ಸವಾರನ ತಲೆಯ ಆಕಾರಕ್ಕೆ ಕೂತುಬಿಡುತ್ತದೆ. ಚರ್ಮ ಆಗಿನ ತೊಂದರೆಗೆ ಸಿಕ್ಕ ಸರಿಯಾದ ಉತ್ತರವೇ ಆಗಿತ್ತು. ಆದರೆ ತೊಂದರೆ ಅದೊಂದೇ ಆಗಿರಲಿಲ್ಲ.

ಅದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಸೈಕಲ್ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದರೆ ನೆಲ ಮುಟ್ಟುವಾಗ ಸೆಕೆಂಡಿಗೆ 5.4 ಮೀಟರ್ ವೇಗ. ಯುರೋಪಿನ ಈಗಿನ ಹೆಲ್ಮೆಟ್ ಪರೀಕ್ಷೆಯಲ್ಲೂ ಚಪ್ಪಟೆ ಕಬ್ಬಿಣಕ್ಕೆ ಹೆಚ್ಚುಕಮ್ಮಿ ಇದೇ ವೇಗದಲ್ಲಿ ಬಡಿಯುತ್ತಾರೆ. ಈ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಥರ್ಮೋಕೋಲ್ 2 ಸೆಂಟಿಮೀಟರ್ ಕುಸಿದರೆ ತಲೆಯ ಮೇಲೆ ಬೀಳುವ ಜೋರು ಸರಾಸರಿ ಗುರುತ್ವದ 75 ಪಟ್ಟು. ಚರ್ಮದ ಮೆತ್ತೆ 3 ಮಿಲಿಮೀಟರ್‌ಗೇ ಅಮುಕಿ ಗಟ್ಟಿಯಾದರೆ 500 ಪಟ್ಟು. ಪರೀಕ್ಷೆಯ ಮಿತಿ 250. ಅಂದರೆ ತೊಗಲಿನ ಪಟ್ಟಿ ತಲೆಯ ಮೇಲಿನ ಚರ್ಮವನ್ನು ಉಳಿಸುತ್ತದೆ, ಮಿದುಳನ್ನಲ್ಲ.

ನನ್ನ ಚರ್ಮದ ಹೆಲ್ಮೆಟ್ಟಿನ ಎರಡು ಪಟ್ಟಿ ಬಿಟ್ಟುಹೋದಾಗ ಗಾಂಧಿ ಬಜಾರಿನ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ತೆಗೆದುಕೊಂಡು ಹೋಗಿದ್ದೆ. ಅವರು ಹೆಬ್ಬೆರಳಲ್ಲಿ ಮೆತ್ತೆ ಒತ್ತಿದರು, ಒಳಹೊಲಿಗೆ ನೋಡಿದರು. "ಚರ್ಮಕ್ಕೆ ಏನೂ ಆಗಿಲ್ಲ. ದಾರ ಕೊಳೆತಿದೆ ಅಷ್ಟೇ. ಹೊಲಿದವನು ಚೆನ್ನಾಗಿ ಹೊಲಿದಿದಾನೆ" ಅಂದರು. ಹಳೆಯ ತೂತುಗಳಲ್ಲೇ ಸೂಜಿ ತೂರಿಸಿ, ಮೇಣ ಉಜ್ಜಿದ ದಾರದಲ್ಲಿ ಹೊಲಿದುಕೊಟ್ಟರು. ಹೊಸ ತೂತು ಹಾಕಿದರೆ ಹಳೇ ಚರ್ಮ ಹರಿಯುತ್ತದಂತೆ. ಯಾವುದೋ ದೇಶದಲ್ಲಿ, ಯಾವುದೋ ಕಾಲದಲ್ಲಿ ಕೂತು ಹೊಲಿದವನ ಕೈಯನ್ನು ಇವರು ತೂತಿನಿಂದ ತೂತಿಗೆ ಹಿಂಬಾಲಿಸುತ್ತಿದ್ದರು. ಅದನ್ನು ನೋಡುತ್ತಾ ಒಂದು ಗಂಟೆ ಕೂತಿದ್ದೆ. ಹಳೇ ಸಾಮಾನಿನ ಮೇಲಿನ ನನ್ನ ಪ್ರೀತಿಗೆ ಕಾರಣ ಹೇಳು ಅಂದರೆ ಈ ಒಂದು ಗಂಟೆಯನ್ನು ತೋರಿಸುತ್ತೇನೆ.

ರಸ್ತೆ ರೇಸಿನಲ್ಲಿ ಚರ್ಮವನ್ನೂ ಬಹಳ ಜನ ಹಾಕುತ್ತಿರಲಿಲ್ಲ. ಫ್ರಾನ್ಸ್, ಇಟಲಿಯ ಬೆಟ್ಟ ಹತ್ತುವಾಗ ಬರೀ ಬಟ್ಟೆ ಟೋಪಿ, ಇಲ್ಲವೇ ಬರೀ ತಲೆ. ಬೆಲ್ಜಿಯಂನಲ್ಲಿ ಮಾತ್ರ ನಿಯಮ ಬಿಗಿ ಇತ್ತು. ಅದಕ್ಕೇ ಅಲ್ಲಿನ ರೇಸುಗಳ ಹಳೇ ಫೋಟೋಗಳಲ್ಲಿ ಆ ದೇಶದ ಹೆಸರಾಂತ ಸವಾರ ಎಡ್ಡಿ ಮರ್ಕ್ಸ್ ಚರ್ಮದ ಪಟ್ಟಿಗಳಲ್ಲಿ ಕಾಣುತ್ತಾರೆ. 1972ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದಾಗಲೂ ಅವರ ತಲೆಯ ಮೇಲೆ ಇದೇ ಇತ್ತು. ನನ್ನ ಹೆಲ್ಮೆಟ್ ಹಾಕಿಕೊಂಡವರೆಲ್ಲ ಮೊದಲು ಅದೇ ಫೋಟೋ ನೆನೆಯುತ್ತಾರೆ. ಆದರೆ ಅದಕ್ಕೆ ಮೂರು ವರ್ಷ ಮುಂಚೆ, 1969ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಬ್ಲೋಆ ಊರಿನ ಟ್ರ್ಯಾಕಿನಲ್ಲಿ ಅದೇ ಮರ್ಕ್ಸ್ ಬಿದ್ದಿದ್ದರು. ಅವರ ಮುಂದೆ ಮೋಟಾರ್ ಸೈಕಲ್ ಓಡಿಸುತ್ತಿದ್ದ ಫೆರ್ನಾಂಡ್ ವಾಂಬ್ಸ್ಟ್ ಸತ್ತರು. ಮರ್ಕ್ಸ್ ಪ್ರಜ್ಞೆ ತಪ್ಪಿದರು. ಆಮೇಲೆ ಬೆಟ್ಟ ಹತ್ತುವುದು ಮೊದಲಿನ ಹಾಗೆ ಆಗಲೇ ಇಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಫೋಟೋ ನೋಡುವಾಗ ಇದೂ ನೆನಪಿಗೆ ಬರಬೇಕು ಅಲ್ವಾ?

ಬದಲಾವಣೆ ಬಂದದ್ದು ಕಾರು ರೇಸಿನ ಕಡೆಯಿಂದ. 1956ರಲ್ಲಿ ಅಮೆರಿಕದ ಪೀಟ್ ಸ್ನೆಲ್ ಎಂಬ ಕಾರು ಸ್ಪರ್ಧಿ ತಲೆಗೆ ಪೆಟ್ಟಾಗಿ ಸತ್ತ. ಮರುವರ್ಷ ಗೆಳೆಯರು ಅವನ ಹೆಸರಿನಲ್ಲಿ ಸಂಸ್ಥೆ ಕಟ್ಟಿ ಹೆಲ್ಮೆಟ್ಟುಗಳನ್ನು ಪರೀಕ್ಷೆಗೆ ಒಡ್ಡಿದರು. ಅಲ್ಲಿ ಕಲಿತದ್ದು ಸೈಕಲ್ಲಿಗೆ ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು. 1975ರಲ್ಲಿ ಬೆಲ್ ಕಂಪನಿ ಗಟ್ಟಿ ಚಿಪ್ಪು, ಒಳಗೆ ಥರ್ಮೋಕೋಲ್ ಇರುವ 'ಬೆಲ್ ಬೈಕರ್' ಮಾರಾಟಕ್ಕೆ ತಂದಿತು. ಬೆಂಡು ಹೊಸ ರೂಪದಲ್ಲಿ ವಾಪಸ್ ಬಂದಿತ್ತು, ನಡುವೆ ತೊಗಲಿನ ಒಂದು ಇಡೀ ಯುಗ ಕಳೆದ ಮೇಲೆ.

1986ರಲ್ಲಿ ಅಮೆರಿಕದ ರೇಸುಗಳಲ್ಲಿ ಪರೀಕ್ಷೆ ಪಾಸಾದ ಹೆಲ್ಮೆಟ್ ಕಡ್ಡಾಯವಾಯಿತು. ಅಲ್ಲಿಗೆ ಚರ್ಮದ ಹೊಲಿಗೆಯವರ ಕೆಲಸ ಮುಗಿದ ಹಾಗೆ. ಯುರೋಪಿನ ವೃತ್ತಿಪರರು ಮಾತ್ರ ಒಪ್ಪಲಿಲ್ಲ. 1991ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಹೊರಟಾಗ ಪ್ಯಾರಿಸ್-ನೀಸ್ ರೇಸಿನಲ್ಲಿ ಸವಾರರೇ ಪ್ರತಿಭಟಿಸಿದರು, ಒಕ್ಕೂಟ ಹಿಂದೆ ಸರಿಯಿತು. ಸೆಖೆ, ಭಾರ, ಅಭ್ಯಾಸ, ಇವೇ ಅವರ ತಕರಾರು. ಏಪ್ರಿಲ್ ತಿಂಗಳಲ್ಲಿ ಹುಲಿಕಲ್ ಘಾಟಿ ಹತ್ತಿ ನೋಡಿದವರು ಸೆಖೆಯ ಮಾತನ್ನು ಸುಮ್ನೆ ತಳ್ಳಿಹಾಕಲಾರರು.

1995ರ ಜುಲೈ 18. ಟೂರ್ ಡಿ ಫ್ರಾನ್ಸ್‌ನಲ್ಲಿ ಪೋರ್ತೆ ದಾಸ್ಪೆ ಕಣಿವೆ ಇಳಿಯುವಾಗ ಫಾಬಿಯೊ ಕಾಸರ್ಟೆಲ್ಲಿ ಬಿದ್ದು ಸತ್ತ. ವಯಸ್ಸು 24, ಬಾರ್ಸಿಲೋನಾ ಒಲಿಂಪಿಕ್ಸ್‌ನ ಚಿನ್ನದ ಪದಕದವನು. ತಲೆ ಮೇಲೆ ಏನೂ ಇರಲಿಲ್ಲ. ಆಗಲೂ ನಿಯಮ ಬರಲಿಲ್ಲ. 2003ರ ಮಾರ್ಚಿನಲ್ಲಿ ಅದೇ ಪ್ಯಾರಿಸ್-ನೀಸ್ ರೇಸಿನಲ್ಲಿ ಕಜಕಸ್ತಾನದ ಆಂಡ್ರೇ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು ತೀರಿಕೊಂಡ. ಆ ವರ್ಷದ ಮೇ 5ರಿಂದ ಹೆಲ್ಮೆಟ್ ಕಡ್ಡಾಯವಾಯಿತು. ಮೊದಮೊದಲು ಕೊನೆಯ ಏರು 5 ಕಿಲೋಮೀಟರಿಗಿಂತ ಉದ್ದ ಇದ್ದರೆ ಅಲ್ಲಿ ತೆಗೆಯಬಹುದಿತ್ತು. ಆ ರಿಯಾಯಿತಿಯೂ ಆಮೇಲೆ ಹೋಯಿತು.

ಈ ಕಥೆಯಲ್ಲಿ ನಮ್ಮೂರು ಎಲ್ಲಿದೆ? ಚರ್ಮದ ರೇಸ್ ಹೆಲ್ಮೆಟ್ ಹಾಕಿದವರನ್ನು ಶಿವಮೊಗ್ಗದಲ್ಲಿ ನಾನು ಕಂಡಿಲ್ಲ. ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ವಿಜಯಪುರ, ಬಾಗಲಕೋಟೆ ಕಡೆಯದು. ನಮ್ಮದು ಹರ್ಕ್ಯುಲಿಸ್, ಅಟ್ಲಾಸ್, ರ‍್ಯಾಲಿ ಸೈಕಲ್ಲುಗಳ ಊರು. ಹಾಲಿನ ಕ್ಯಾನು, ಅಡಿಕೆ ಮೂಟೆ, ಸ್ಕೂಲ್ ಮಕ್ಕಳು, ಎಲ್ಲ ಅದರ ಮೇಲೆಯೇ. ತ್ರಿಕೋನದೊಳಗೆ ಕಾಲು ತೂರಿಸಿ ಸೈಕಲ್ ಕಲಿತವರು ನಾವು. ಚರ್ಮದ ಜೊತೆ ನಮ್ಮ ನಂಟು ಇದ್ದದ್ದು ಸೀಟಿನಲ್ಲಿ. ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್‌ನ ಹಾಗೆ, ಎಳೆದು ಕೂರಿಸಿದ ದಪ್ಪ ತೊಗಲಿನ ಸೀಟು, ಕೆಳಗೆ ಸ್ಪ್ರಿಂಗು. ಚರ್ಮ ಜೋತುಬಿದ್ದರೆ ಮೂತಿಯ ಕೆಳಗಿನ ನಟ್ಟು ತಿರುಗಿಸಿ ಬಿಗಿ ಮಾಡುವುದು. ಅಪ್ಪನ ಸೀಟಿನಲ್ಲಿ ಬೇರೆಯವರು ಕೂತರೆ ಆಗಿಬರುತ್ತಿರಲಿಲ್ಲ, ಅವರ ಮೈಗೆ ಅದು ಅಷ್ಟು ಒಗ್ಗಿತ್ತು. ಬೆಲ್ಜಿಯಂನ ಹೆಲ್ಮೆಟ್ ಕೈಗೆ ಬಂದಾಗ ನನಗೆ ಪರದೇಶಿ ಅನ್ನಿಸದೆ ಇದ್ದದ್ದು ಈ ಸೀಟಿನಿಂದಲೇ ಇರಬೇಕು.

ಹೊರಗೆ ಇಂಥ ನೆನಪಿಗೆ ದೊಡ್ಡ ಜಾತ್ರೆಯೇ ಇದೆ. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೆಯುವ 'ಲೆರೋಯ್ಕಾ' ಸವಾರಿಗೆ 1987ಕ್ಕಿಂತ ಮುಂಚಿನ ಮಾದರಿಯ ಸೈಕಲ್ಲೇ ಬೇಕು. ಉಕ್ಕಿನ ಚೌಕಟ್ಟು, ಕೆಳಕೊಳವೆಯ ಮೇಲೆ ಗೇರಿನ ಹಿಡಿ, ಕಾಲು ಕಟ್ಟುವ ಬಾರಿನ ಪೆಡಲ್, ಉಣ್ಣೆಯ ಜರ್ಸಿ. ಬಿಳಿ ಮಣ್ಣಿನ ದಾರಿಯಲ್ಲಿ ಸಾವಿರಾರು ಜನ. ಚರ್ಮದ ಹೆಲ್ಮೆಟ್ ಅಲ್ಲಿ ಸಾಮಾನ್ಯ ನೋಟ. ಹಳೇ ಕಾಲದ ಸೈಕಲ್ ಚಡ್ಡಿಯೊಳಗೆ ನಿಜವಾದ ತೊಗಲಿನ ತೇಪೆ ಇರುತ್ತಿತ್ತು. ಒಗೆದು ಒಣಗಿಸಿದರೆ ಹಪ್ಪಳದ ಹಾಗೆ ಗಟ್ಟಿ, ಮುಲಾಮು ಹಚ್ಚಿ ಮೆದು ಮಾಡಿಕೊಳ್ಳಬೇಕು. ಅಷ್ಟು ಪಾಡುಪಟ್ಟು ಇನ್ನೂರು-ಮುನ್ನೂರು ಕಿಲೋಮೀಟರ್ ಓಡಿಸಿದವರ ಮೇಲೆ ಗೌರವ ಬಾರದೆ ಇರುತ್ತದೆಯೇ?

ನಾನೂ ನನ್ನ ಚರ್ಮದ ಹೆಲ್ಮೆಟ್ ಹಾಕುತ್ತೇನೆ. ಚಳಿಗಾಲದ ಭಾನುವಾರ, ಬೆಳಗಿನ ಮಂಜಿನಲ್ಲಿ, ಅಪ್ಪನ ಸೈಕಲ್ ಮೇಲೆ ಕೂಡ್ಲಿಯ ತನಕ. ಸಮತಟ್ಟು ದಾರಿ, ನಿಧಾನದ ಸವಾರಿ, ಗದ್ದೆಯಂಚು. ಆದರೂ ಬಿದ್ದರೆ ಅದು ನನ್ನನ್ನು ಉಳಿಸುತ್ತದೆಂದು ನಂಬಿ ಹಾಕುವುದಿಲ್ಲ. ಹೊಸ ಹುಡುಗರು ಕೇಳಿದರೆ ಆ 75 ಮತ್ತು 500ರ ಲೆಕ್ಕ ಹೇಳಿಯೇ ಕೈಗೆ ಕೊಡುತ್ತೇನೆ. ತೀರ್ಥಹಳ್ಳಿ ದಾಟಿ ಘಾಟಿಯ ಕಡೆ ತಿರುಗುವ ದಿನ ಅದು ಮೊಳೆಯಲ್ಲೇ ಇರುತ್ತದೆ.

ಈಗ ಅದು ಮೊಳೆಯಲ್ಲೂ ಇಲ್ಲ. ಒಣಬಟ್ಟೆಯಲ್ಲಿ ಬೂಷ್ಟು ಒರೆಸಿ, ನೆರಳಲ್ಲಿ ಎರಡು ದಿನ ಆರಲು ಬಿಟ್ಟೆ. ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತಿತ್ತು, ಆದರೆ ಚರ್ಮ ಬಿರಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಒಳಗೇ ಬೆವರಿ ಮತ್ತೆ ಬೂಷ್ಟು. ಹಳೇ ಪೇಪರಿನಲ್ಲಿ ಸಡಿಲವಾಗಿ ಸುತ್ತಿ ಅಟ್ಟದ ಮೇಲೆ, ಅಮ್ಮನ ಒಣಗಿದ ವಾಟೆಹುಳಿ ಡಬ್ಬದ ಪಕ್ಕ ಇಟ್ಟಿದ್ದೇನೆ. ದೀಪಾವಳಿ ಕಳೆದ ಮೇಲೆ ಇಳಿಸಬೇಕು.