ಕೈ ಎತ್ತಿದರೆ ಸಾಲದು, ಸೊಂಟ ತಿರುಗಬೇಕು

ಮೇಜಿನ ಮೇಲೆ ಆಡುವ ಯುದ್ಧದಾಟದ ಪುಟ್ಟ ಪ್ಲಾಸ್ಟಿಕ್ ಸೈನಿಕನ ಭಂಗಿ ಬದಲಿಸಲು ಕೂತವರು ಮೊದಲು ಕತ್ತರಿಸುವುದು ಕೈಯನ್ನೇ. ಕತ್ತಿ ಹಿಡಿದ ಕೈ ಕೆಳಗಿತ್ತು, ಅದನ್ನು ತಲೆ ಮೇಲಕ್ಕೆ ಅಂಟಿಸುತ್ತಾರೆ. ಒಣಗಿದ ಮೇಲೆ ನೋಡಿದರೆ ಅವನು ಶತ್ರುವಿನ ಮೇಲೆ ನುಗ್ಗುತ್ತಿಲ್ಲ, ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದಾನೆ. ನಾನೂ ಬಹಳ ದಿನ ಇಂಥ ಬಸ್ ಕಾಯುವ ವೀರರನ್ನೇ ಮಾಡಿದ್ದೇನೆ. ಗಿರಾಕಿಗಳಿಗೆ ಬೊಂಬೆ ಮಾಡಿಕೊಡುವುದೇ ಕಸುಬಾದ ಮೇಲೆ ಗೊತ್ತಾಯಿತು, ಓಟ ಶುರುವಾಗುವುದು ಕೈಯಿಂದ ಅಲ್ಲ, ಸೊಂಟದಿಂದ.

ನಂಬಿಕೆ ಬರದಿದ್ದರೆ ಈಗಲೇ ಎದ್ದು ನಿಲ್ಲಿ. ಒಂದು ಸ್ಕೇಲ್ ಹಿಡಿದು, ದೊಡ್ಡ ಹೆಜ್ಜೆ ಮುಂದಿಟ್ಟು, ಬೀಸುವ ಹೊತ್ತಿಗೆ ಹಾಗೇ ನಿಂತುಬಿಡಿ. ಹಿಂದಿನ ಕಾಲಿನ ಹಿಮ್ಮಡಿ ಮೇಲೆದ್ದಿದೆ, ಅಲ್ವಾ? ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗಿವೆ. ಮುಖ ಮಾತ್ರ ಎದುರಿಗೇ ನೋಡುತ್ತಿದೆ. ಮೈಯ ಭಾರ ಮುಂದಿನ ಪಾದದ ಮೇಲೆ ಬಿದ್ದಿದೆ. ಶಿಲ್ಪಿಗಳು ತ್ರಿಭಂಗಕ್ಕೆ ಕತ್ತು, ಸೊಂಟ, ಮಂಡಿ ಮೂರನ್ನೂ ಬಾಗಿಸುತ್ತಾರಲ್ಲ, ನಮ್ಮ ಗರಗಸ ಹೋಗಬೇಕಾದದ್ದೂ ಅಲ್ಲಿಗೇ. ಕೈಯ ಸರದಿ ಕೊನೆಗೆ.

ಪೆಟ್ಟಿಗೆಯಿಂದ ಬಂದ ಬೊಂಬೆ ಯಾಕೆ ಅಷ್ಟು ಸೆಟೆದು ನಿಂತಿರುತ್ತದೆ? ತಪ್ಪು ಶಿಲ್ಪಿಯದಲ್ಲ, ಅಚ್ಚಿನದು. ಕರಗಿದ ಪಾಲಿಸ್ಟೈರೀನ್ ಅನ್ನು ಉಕ್ಕಿನ ಎರಡು ಹೋಳಿನ ಅಚ್ಚಿನೊಳಗೆ ಒತ್ತಿ ತುಂಬುತ್ತಾರೆ. ಆಮೇಲೆ ಆ ಹೋಳುಗಳು ನೇರವಾಗಿ ಬಿಟ್ಟುಕೊಳ್ಳಬೇಕು. ನಡುವೆ ಏನೂ ಸಿಕ್ಕಿಹಾಕಿಕೊಳ್ಳಬಾರದು. ಹಾಗಾಗಿ ಎದೆ, ಸೊಂಟ, ಕಾಲು ಎಲ್ಲವೂ ಪುಸ್ತಕದ ನಡುವೆ ಒತ್ತಿಟ್ಟ ಎಲೆಯ ಹಾಗೆ ಒಂದೇ ಮಟ್ಟದಲ್ಲಿರುತ್ತವೆ. ಇದರಿಂದ ಇನ್ನೊಂದು ತೊಂದರೆಯೂ ಇದೆ. ಅಚ್ಚಿನ ಎರಡು ಹೋಳು ಸೇರುವ ಪಕ್ಕೆಗಳಲ್ಲಿ ವಿವರವೇ ಇರುವುದಿಲ್ಲ. ಬೆಲ್ಟ್ ಅಲ್ಲಿಗೆ ಬಂದು ಕರಗಿಹೋಗಿರುತ್ತದೆ, ಪ್ಯಾಂಟಿನ ಮಡಿಕೆ ನುಣುಪಾಗಿರುತ್ತದೆ. ನೀವು ಸೊಂಟ ತಿರುಗಿಸಿದ ಕೂಡಲೇ ಆ ಬೋಳು ಪಕ್ಕೆ ಎದುರಿಗೆ ಬರುತ್ತದೆ! ಅಲ್ಲಿ ಬೆಲ್ಟಿನ ಗೆರೆಯನ್ನು ಚಾಕುವಿನ ತುದಿಯಿಂದ ಮತ್ತೆ ಕೊರೆಯಬೇಕು. ತುಂಬಾ ಜನ ಇದನ್ನು ಮರೆಯುತ್ತಾರೆ.

ಶುರು ಮಾಡುವ ಮೊದಲು ಪ್ಲಾಸ್ಟಿಕ್ ಯಾವುದು ಅಂತ ನೋಡಿಕೊಳ್ಳಿ. ನಾನು ಹೇಳುತ್ತಿರುವುದೆಲ್ಲ ಗಟ್ಟಿ ಪಾಲಿಸ್ಟೈರೀನಿನ ಸುಮಾರು 28 ಮಿ.ಮೀ. ಎತ್ತರದ ಬೊಂಬೆಗಳಿಗೆ. ಏರ್‌ಫಿಕ್ಸ್ ಕಂಪನಿ 1959ರಲ್ಲಿ ಮಾರಲು ಶುರು ಮಾಡಿದಂಥ ಸಣ್ಣ, ಬಾಗುವ ಮೆತ್ತನೆ ಸೈನಿಕರು ಪಾಲಿಥಿಲೀನಿನವರು. ಅವರಿಗೆ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಹಿಡಿಯುವುದಿಲ್ಲ.

ಈಗ ಮೇಜಿನ ಮೇಲೆ ಒಬ್ಬ ಕತ್ತಿ-ಗುರಾಣಿಯವನು ಇದ್ದಾನೆ ಅಂದುಕೊಳ್ಳಿ. ಎರಡೂ ಪಾದ ನೆಲಕ್ಕೆ ಅಂಟಿವೆ. ಅವನನ್ನು ಕಲ್ಲಿನ ಮೇಲೆ ಕಾಲಿಟ್ಟು ನುಗ್ಗುವ ಹಾಗೆ ಮಾಡಬೇಕು. ನಾಲ್ಕು ಕಡೆ ಕತ್ತರಿಸುತ್ತೇನೆ.

ಮೊದಲು ಸೊಂಟ. ಸಣ್ಣ ಹಲ್ಲಿನ ತೆಳು ಗರಗಸದಲ್ಲಿ ಬೆಲ್ಟಿನ ಕೆಳ ಅಂಚು ಹಿಡಿದು ಕೊಯ್ಯಬೇಕು. ಬೆಲ್ಟೇ ಗಾಯವನ್ನು ಮುಚ್ಚುತ್ತದೆ. ಕೊಯ್ದ ಮೇಲೆ ಮುಂಭಾಗವನ್ನು ಅರದಿಂದ ಸ್ವಲ್ಪ ಉಜ್ಜಿದರೆ ಎದೆ ತಾನಾಗಿ ಮುಂದಕ್ಕೆ ವಾಲುತ್ತದೆ. ತಿರುಗಿಸುವುದು 15-20 ಡಿಗ್ರಿ ಸಾಕು. ಅದಕ್ಕಿಂತ ಜಾಸ್ತಿ ಆದರೆ ಬಟ್ಟೆ ಹಿಂಡಿದ ಹಾಗಾಗುತ್ತಾನೆ.

ಆಮೇಲೆ ಹಿಂದಿನ ಕಾಲು. ತೊಡೆಯನ್ನು ಅಡ್ಡಡ್ಡ ಕತ್ತರಿಸಬೇಡಿ. ತೊಡೆಸಂದಿಯಿಂದ ಸೊಂಟದ ಮೂಳೆಯ ಕಡೆಗೆ ಓರೆಯಾಗಿ ಹೋಗಿ, ಚಡ್ಡಿಯ ಅಂಚು ಹೋಗುತ್ತದಲ್ಲ, ಅದೇ ದಾರಿ. ಕಾಲು ಮಡಿಸುವುದು ಅಲ್ಲೇ.

ಮೂರನೆಯದು ಮುಂದಿನ ಮಂಡಿ. ನಾನು ಎಡವಿದ್ದು ಇಲ್ಲೇ. ಒಬ್ಬ ಗಿರಾಕಿಗೆ ಸೇನಾನಾಯಕನನ್ನು ಮಾಡುತ್ತಿದ್ದೆ. ಅವಸರದಲ್ಲಿ ಮಂಡಿಯನ್ನು ಪೂರ್ತಿ ತುಂಡು ಮಾಡಿ, ಎರಡೂ ಮುಖ ಉಜ್ಜಿ, ಬಾಗಿಸಿ ಅಂಟಿಸಿದೆ. ಫೋಟೋ ನೋಡಿದವರೇ ಕೇಳಿದರು, “ಯಾಕೆ ಸಾರ್, ಇವನು ಕುಂಟುತ್ತಾನಾ?” ಅಳೆದರೆ ಒಂದು ಕಾಲು 2 ಮಿ.ಮೀ. ಗಿಡ್ಡ. ಈ ಅಳತೆಯ ಬೊಂಬೆಯಲ್ಲಿ 1 ಮಿ.ಮೀ. ಅಂದರೆ ನಿಜವಾದ ಮನುಷ್ಯನಲ್ಲಿ ಸುಮಾರು 6 ಸೆಂ.ಮೀ. ಅಂದರೆ ನಮ್ಮ ನಾಯಕನಿಗೆ ಅರ್ಧ ಗೇಣು ಹತ್ತಿರಹತ್ತಿರ ಕಾಲೇ ಇರಲಿಲ್ಲ. ಮೊಣಕಾಲ ಕೆಳಗೆ ಮತ್ತೆ ಕೊಯ್ದು, ಸ್ಪ್ರೂವಿನ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ) ತುಂಡು ಸೇರಿಸಿ, ಬೂಟಿನ ಮಡಿಕೆಯಡಿ ಮುಚ್ಚಿದೆ. ಈಗ ಮಂಡಿಯ ಹಿಂದಿನಿಂದ ಮಾತ್ರ ಸಣ್ಣ ಕಲ್ಲಂಗಡಿ ಹೋಳಿನ ಆಕಾರ ತೆಗೆಯುತ್ತೇನೆ. ಮುಂದೆ ಕಾಗದದಷ್ಟು ಪ್ಲಾಸ್ಟಿಕ್ ಉಳಿಸುತ್ತೇನೆ. ಅದೇ ಬಾಗಿಲಿನ ಕೀಲು. ನಿಧಾನ ಮಡಿಸಿದರೆ ಕಾಲಿನ ಉದ್ದ ಹಾಗೇ ಉಳಿಯುತ್ತದೆ.

ನಾಲ್ಕನೆಯದು ಹಿಂದಿನ ಪಾದ. ಬೆರಳುಗಳ ಬುಡದಲ್ಲಿ ಮೇಲಿನಿಂದ ಅಂಥದ್ದೇ ಹೋಳು ತೆಗೆದರೆ ಹಿಮ್ಮಡಿ ಏಳುತ್ತದೆ. ಎರಡು ನಿಮಿಷದ ಕೆಲಸ. ಆದರೆ ಬೊಂಬೆಗೆ ಜೀವ ಬರುವುದು ಬಹಳ ಸಲ ಇದೊಂದರಿಂದಲೇ.

ಇಷ್ಟಾದ ಕೂಡಲೇ ಅಂಟಿನ ಬಾಟಲಿಗೆ ಕೈ ಹಾಕಬೇಡಿ. ಮತ್ತೆ ಕಿತ್ತು ತೆಗೆಯಬಹುದಾದ ಅಂಟುಮುದ್ದೆ ಬ್ಲೂ ಟ್ಯಾಕ್ ಇಟ್ಟು ಎಲ್ಲವನ್ನೂ ಸುಮ್ನೆ ನಿಲ್ಲಿಸಿ, ಹಿಂದೆ ದೀಪವಿಟ್ಟು ನೆರಳು ನೋಡಿ. ಬರೀ ನೆರಳಿನಲ್ಲೇ ಅವನು ಏನು ಮಾಡುತ್ತಿದ್ದಾನೆ ಅಂತ ತಿಳಿದರೆ ಭಂಗಿ ಸರಿ ಬಂತು. ನಾನು ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಎದ್ದಾಗ ಕಣ್ಣಿಗೆ ಬೀಳುವ ತಪ್ಪು ರಾತ್ರಿ ಕಂಡಿರುವುದಿಲ್ಲ.

ಜೋಡಿಸುವಾಗ ಸೊಂಟಕ್ಕೂ ತೊಡೆಗೂ ತಂತಿ ಹಾಕುತ್ತೇನೆ. 0.8 ಮಿ.ಮೀ. ಡ್ರಿಲ್ ಬಿಟ್, ಅಷ್ಟೇ ದಪ್ಪದ ಹಿತ್ತಾಳೆ ತಂತಿ. ಎರಡು ಕಡೆಯ ತೂತು ಎದುರುಬದುರು ಬರಬೇಕಲ್ಲ? ಒಂದು ಕಡೆ ತಂತಿ ಕೂರಿಸಿ, ಅದರ ತುದಿಗೆ ಒಂದು ಚುಕ್ಕೆ ಬಣ್ಣ ಹಚ್ಚಿ, ಇನ್ನೊಂದು ತುಂಡಿಗೆ ಒತ್ತಿ. ಗುರುತು ಬಿದ್ದಲ್ಲಿ ಕೊರೆಯಿರಿ. ತಂತಿ ಇದ್ದರೆ ಅಂಟಿಸುವ ತನಕ ಬೇಕಾದ ಹಾಗೆ ತಿರುಗಿಸಿ ನೋಡಬಹುದು. ತಂತಿಗೆ ಸೂಪರ್ ಗ್ಲೂ, ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟ್. ಸಿಮೆಂಟ್ ಎರಡೂ ಮುಖ ಕರಗಿಸಿ ಒಂದು ಮಾಡುತ್ತದೆ, ಲೋಹಕ್ಕೆ ಅದು ಏನೂ ಮಾಡುವುದಿಲ್ಲ. ಸಿಮೆಂಟಿನ ವಾಸನೆ ತಲೆಗೇರುತ್ತದೆ, ಕಿಟಕಿ ತೆಗೆದಿಡಿ. ಒಂದು ದಿನ ಪೂರ್ತಿ ಒಣಗಲು ಬಿಡಿ, ಇಲ್ಲದಿದ್ದರೆ ಮೆತ್ತಗಿರುವ ಜಾಗದಲ್ಲಿ ಚಾಕು ಕಚ್ಚಿಕೊಳ್ಳುತ್ತದೆ.

ಬಿರುಕಿಗೆ ಗ್ರೀನ್ ಸ್ಟಫ್, ಎರಡು ಬಣ್ಣದ ಪಟ್ಟಿಯಾಗಿ ಬರುವ, ಕಲಸಿದರೆ ಹಸಿರಾಗಿ ಗಟ್ಟಿಯಾಗುವ ಪುಟ್ಟಿ. ನೀಲಿ, ಹಳದಿ ಎರಡನ್ನೂ ಸಮಸಮ ಕಲಸಬೇಕು. ಪಟ್ಟಿಯಲ್ಲಿ ಎರಡು ಬಣ್ಣ ತಾಗಿಕೊಂಡಿರುವ ಗೆರೆಯನ್ನು ಮೊದಲೇ ಕತ್ತರಿಸಿ ಬಿಸಾಡಿ. ಅಲ್ಲಿ ಅದಾಗಲೇ ಗಟ್ಟಿಯಾಗಿ, ಕಲಸಿದ್ದರಲ್ಲಿ ಮರಳಿನ ಹಾಗೆ ಸಿಗುತ್ತದೆ. ಸುಮಾರು ಒಂದೂವರೆ ಗಂಟೆ ಸಮಯ ಸಿಗುತ್ತದೆ. ಸಲಕರಣೆ ಒದ್ದೆ ಇರಲಿ. ಒಂದೇ ಸಲಕ್ಕೆ ಎಲ್ಲ ಮುಗಿಸಲು ಹೋದರೆ ಮೇಲಿನ ಮಡಿಕೆ ಒತ್ತುವಾಗ ಒಳಗಿನದು ಜಾರುತ್ತದೆ. ಮೊದಲ ದಿನ ಗುಂಡಿ ತುಂಬಿ, ಮಾರನೆಯ ದಿನ ಮಡಿಕೆ ಮಾಡಿ. ಮಡಿಕೆ ಹೇಗಿರಬೇಕು ಅಂತ ಗೊಂದಲವಾದರೆ ನಿಮ್ಮ ಪ್ಯಾಂಟನ್ನೇ ನೋಡಿಕೊಳ್ಳಿ. ಕಾಲು ಎತ್ತಿದಾಗ ಮಂಡಿಯ ಮೇಲೆ ಬಟ್ಟೆ ಬಿಗಿ, ಮಂಡಿಯ ಹಿಂದೆ ಮುದ್ದೆ, ತೊಡೆಸಂದಿಯಿಂದ ಗೆರೆಗಳು ಬೀಸಣಿಗೆಯ ಹಾಗೆ ಹರಡುತ್ತವೆ.

ಇನ್ನು ನೇತಾಡುವ ವಸ್ತುಗಳು. ಸೊಂಟದ ಚೀಲ, ಕತ್ತಿಯ ಒರೆ, ಅಂಗಿಯ ಅಂಚು. ಮೈ ಮುಂದೆ ವಾಲಿದ್ದರೂ ಚೀಲ ಮಾತ್ರ ಮೈಗೆ ಅಂಟಿಕೊಂಡು ಅದೇ ಓರೆಯಲ್ಲಿದ್ದರೆ, ಇಡೀ ಬೊಂಬೆಯನ್ನೇ ಓರೆ ಮಾಡಿ ಇಟ್ಟ ಹಾಗೆ ಕಾಣುತ್ತದೆ. ಚೀಲವನ್ನು ಕೆತ್ತಿ ತೆಗೆದು, ಸ್ವಲ್ಪ ಹಿಂದಕ್ಕೆ ಹಾರುವ ಹಾಗೆ ಅಂಟಿಸಿ. ಒರೆಯೂ ಹಿಂದಕ್ಕೆ ಏಳಲಿ.

ಇವನು ಆಟಕ್ಕೆ ಹೋಗುವವನು ಅನ್ನುವುದನ್ನೂ ಮರೆಯಬೇಡಿ. ಭುಜಕ್ಕೆ ಭುಜ ತಾಗಿ ಸಾಲಾಗಿ ನಿಲ್ಲುವ ದಳದಲ್ಲಿ ಎಲ್ಲರೂ ಹೀಗೆ ಕೈಕಾಲು ಚಾಚಿದರೆ ಕಾಲಡಿಯ ಬೇಸ್‌ಗಳು ಒಂದಕ್ಕೊಂದು ಕೂಡುವುದಿಲ್ಲ. ಕತ್ತಿಗಳೂ ಮುರಿಯುತ್ತವೆ. ಇಂಥವನು ದಳಕ್ಕೆ ಒಬ್ಬನೋ ಇಬ್ಬರೋ ಸಾಕು, ಅದೂ ಮುಂದಿನ ಸಾಲಿನಲ್ಲಿ. ಒಂದೇ ಪಾದದ ಮೇಲೆ ನಿಂತವನಿಗೆ ಪಾದದಿಂದ ಬೇಸಿನೊಳಗೆ ತಂತಿ ಇಳಿಸಲೇಬೇಕು. ಅಂಟೊಂದನ್ನೇ ನಂಬಿದರೆ ಮೊದಲ ಆಟದಲ್ಲೇ ಕಳಚಿಕೊಳ್ಳುತ್ತಾನೆ.

ಕೊನೆಗೆ ಬೂದು ಪ್ರೈಮರ್, ತೆಳುವಾಗಿ ಒಂದು ಪದರ. ಪ್ಲಾಸ್ಟಿಕ್, ಹಿತ್ತಾಳೆ, ಹಸಿರು ಪುಟ್ಟಿ ಎಲ್ಲ ಒಂದೇ ಬಣ್ಣಕ್ಕೆ ಬಂದಾಗ, ಸರಿಯಾಗಿದೆ ಅಂದುಕೊಂಡ ಜಾಗಗಳಲ್ಲೆಲ್ಲ ಕೂದಲೆಳೆಯ ಬಿರುಕು ಕಾಣುತ್ತದೆ. ನನಗೆ ಈಗಲೂ ಬೆಲ್ಟಿನ ಹತ್ತಿರ ಒಂದಾದರೂ ಸಿಗುತ್ತದೆ. ಮತ್ತೆ ಪುಟ್ಟಿ ಕಲಸುತ್ತೇನೆ.