ಇನ್ಸುಲಿನ್ ಲೋಡ್ ಮಾಡುವಾಗಲೇ ಕೂಗಿ ಕರೆದರೆ ಏನು ಮಾಡಲಿ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ವಾರ್ಡ್ ಪೋಸ್ಟಿಂಗ್‌ನಲ್ಲಿ ಇಂಜೆಕ್ಷನ್ ಲೋಡ್ ಮಾಡುವಾಗಲೇ ಸ್ಟಾಫ್ ಸಿಸ್ಟರ್ ಬೇರೆ ಕೆಲಸಕ್ಕೆ ಅಟ್ಟುತ್ತಾರೆ. ತಡವಾದರೆ ರೋಗಿಗಳೆದುರೇ ಬೈಗುಳ. ಎಲ್ಲಿ ತಪ್ಪು ಮಾಡಿಬಿಡುತ್ತೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳು ಔಷಧ ಕೊಡುವುದನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೊಂದು ಅಡ್ಡಿಗೂ ತಪ್ಪುಗಳು ಸುಮಾರು 12% ಹೆಚ್ಚಾಗಿದ್ದವು.

ಇನ್ಸುಲಿನ್ನನ್ನೇ ನೋಡಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನ ವಯಲ್ಲೂ (ಔಷಧದ ಪುಟ್ಟ ಬಾಟಲಿ) ಇದೆ, 100ರದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಕೆಂಪು ಮುಚ್ಚಳದ್ದನ್ನು ಟ್ರೇಯಲ್ಲಿಟ್ಟು ಹೋಗಿ, ಮರಳಿ ಬಂದ ಗಡಿಬಿಡಿಯಲ್ಲಿ 100ರ ವಯಲ್‌ನಿಂದ 20ರ ಗೆರೆಯವರೆಗೆ, ಅಂದರೆ ಅರ್ಧ ಎಂಎಲ್, ಎಳೆದಿರೋ, ಒಳಗೆ ಬಂದದ್ದು 50 ಯೂನಿಟ್! ತಿರುಗುಮುರುಗಾದರೆ, ಅಂದರೆ 40ರ ವಯಲ್‌ಗೆ 100ರ ಸಿರಿಂಜ್ ಬಳಸಿದರೆ, ಬರೀ 8.

ಹಾಗಾಗಿ ಬಿಟ್ಟಲ್ಲಿಂದ ಮುಂದುವರಿಸಬೇಡಿ. ಕೇಸ್ ಶೀಟಿನ ಆರ್ಡರ್, ವಯಲ್ ಲೇಬಲ್, ಸಿರಿಂಜ್, ಎಲ್ಲ ಮತ್ತೆ ಮೊದಲಿನಿಂದ. ಲೇಬಲ್ ಇಲ್ಲದೆ ಬಿಟ್ಟುಹೋದ ಸಿರಿಂಜನ್ನು ಬಳಸಲೇಬೇಡಿ, ಇನ್ನೊಬ್ಬರು ಲೋಡ್ ಮಾಡಿಟ್ಟಿದ್ದನ್ನೂ ಕೊಡಬೇಡಿ. ಸ್ಟಾಫ್ ಅಥವಾ ಇನ್‌ಸ್ಟ್ರಕ್ಟರ್ ನೋಡದೆ ಸೂಜಿ ಚುಚ್ಚುವುದಂತೂ ಬೇಡ. ಕರೆದಾಗ, "ಸಿಸ್ಟರ್, ಇನ್ಸುಲಿನ್ ಲೋಡ್ ಮಾಡ್ತಿದೀನಿ, ಎರಡು ನಿಮಿಷದಲ್ಲಿ ಬಂದೆ" ಎನ್ನಿ. ರೋಗಿಯ ಉಸಿರು ನಿಂತಿದೆ ಎಂಬಂಥ ಕರೆಯಾದರೆ ಮಾತ್ರ ಬಿಟ್ಟು ಓಡಿ. (ನಿಮ್ಮ ಫೋನೂ ಅಡ್ಡಿಯೇ. ಅದು ಬ್ಯಾಗಿನಲ್ಲಿರಲಿ.) ತಪ್ಪು ಡೋಸ್ ಹೋಗಿಯೇಬಿಟ್ಟರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಆ ಕ್ಷಣವೇ ತಿಳಿಸಿ, ರೋಗಿಯ ಶುಗರ್ ನೋಡಿಸಿ.

ಇನ್ನು ಬೈಗುಳ. "ಬೇಗ ಮಾಡಮ್ಮ" ಎಂದದ್ದು, ತಪ್ಪು ತಿದ್ದಿದ್ದು ಕಿರುಕುಳವಲ್ಲ. ದಿನವೂ ಎಲ್ಲರೆದುರು ಹೀಯಾಳಿಸುವುದು, ಜಾತಿ, ಬಣ್ಣ ಎತ್ತಿ ಆಡುವುದು, ಇಂಟರ್ನಲ್ಸ್ ಅಂಕದ ಹೆಸರಲ್ಲಿ ಹೆದರಿಸುವುದು ಕಿರುಕುಳ. "ತುಂಬಾ ಬೈತಾರೆ" ಎಂದಷ್ಟೇ ಹೇಳಿದರೆ ದೂರು ನಿಲ್ಲುವುದಿಲ್ಲ. ದಿನಾಂಕ, ಹೊತ್ತು, ವಾರ್ಡ್, ಆಡಿದ ಮಾತು ಇದ್ದ ಹಾಗೆ, ಜೊತೆಗಿದ್ದವರು ಯಾರು, ಇಷ್ಟನ್ನು ಅಂದೇ ಬರೆದಿಡಿ. ಅದರಲ್ಲಿ ರೋಗಿಯ ಹೆಸರು ಬೇಡ. ಮೊದಲು ಕ್ಲಿನಿಕಲ್ ಇನ್‌ಸ್ಟ್ರಕ್ಟರ್‌ಗೆ ಹೇಳಿ. ಸರಿಹೋಗದಿದ್ದರೆ ಪ್ರಿನ್ಸಿಪಾಲರಿಗೆ ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಆಂತರಿಕ ದೂರು ಸಮಿತಿಗೆ 3 ತಿಂಗಳೊಳಗೆ ಬರೆದುಕೊಡಬೇಕು. ಸೀನಿಯರ್‌ಗಳ ರ‍್ಯಾಗಿಂಗ್‌ಗೆ ಸಹಾಯವಾಣಿ 1800-180-5522. ರಾತ್ರಿ ನಿದ್ದೆ ಬಾರದಷ್ಟು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.